ಬಸೂನ್ ಶಿಬಿರದ ಬೇಸಿಗೆ

ಮೈಸೂರಿನಲ್ಲಿ ಬಸೂನ್ ಊದುವವನನ್ನು ಪೇಚಾಟಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಕೊಳಲಿನವನನ್ನೋ ಪಿಟೀಲಿನವನನ್ನೋ ಜನ ಅವರ ಪಾಡಿಗೆ ಬಿಡುತ್ತಾರೆ. ಬಸೂನೆಂಬ ಎದೆಯುದ್ದದ ಮರದ ಕೊಳವೆಯನ್ನು ತಬ್ಬಿಕೊಂಡು ಕೆನ್ನೆ ಉಬ್ಬಿಸಿ ಕೂತವನನ್ನು ಕಂಡರೆ ಮಾತ್ರ ಯಾರಿಗೂ ಸುಮ್ಮನಿರಲಾಗುವುದಿಲ್ಲ.

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ, ನಾನು ಕೆಲಸಕ್ಕಿದ್ದ ಇಂಗ್ಲಿಷ್ ಬ್ಯಾಂಡಿನ ಹಳೆಯ ಮೇಷ್ಟ್ರು ಬಸೂನಿಗೆಂದೇ ಒಂದು ಬೇಸಿಗೆ ಶಿಬಿರ ನಡೆಸಿದರು. ಸೇರಿದವರು ಆರೇ ಜನ. ನಾನಾಗ ಬ್ಯಾಂಡಿನಲ್ಲಿ ತಾಳ ಬಡಿಯುತ್ತಿದ್ದೆ. ಅರ್ಧ ಗಂಟೆ ಕಾದು ಒಂದು ಸಲ ಬಡಿಯುವುದು, ಅದೂ ತಪ್ಪು ಜಾಗದಲ್ಲಿ. ಕೊನೆಯ ದಿನದ ಪರೀಕ್ಷೆಯಲ್ಲಿ ಪಾಸಾದರೆ ಬಸೂನಿನ ಜಾಗ ನನ್ನದು, ಇಲ್ಲವಾದರೆ ರಿಟೈರಾಗುವ ತನಕ ತಾಳವೇ ಗತಿ. ನನಗಂತೂ ಅದು ಸಾಕುಸಾಕಾಗಿತ್ತು.

೧. ಊದುಗೊಳವೆ

ಶಿಬಿರ ಮುಗಿಯುವ ತನಕ ನಾನು ಉಳಿದುಕೊಂಡಿದ್ದು ಅಗ್ರಹಾರದ ಸೋದರತ್ತೆಯ ಮನೆಯಲ್ಲಿ. ಬಸೂನನ್ನು ಬಿಚ್ಚಿ ತುಂಡುತುಂಡಾಗಿ ಪೆಟ್ಟಿಗೆಯಲ್ಲಿಡುವುದು ಪದ್ಧತಿ. ಮೊದಲ ದಿನ ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಂದು ತುಂಡು ಮಾಯ. ಹುಡುಕಿಕೊಂಡು ಹೋದರೆ ಅತ್ತೆ ಅದನ್ನು ಒಲೆಗೆ ಹಿಡಿದು ಹಸಿ ಸೌದೆ ಊದುತ್ತಿದ್ದಾರೆ!

“ಅತ್ತೆ, ಅದು ವಾದ್ಯ!” ಎಂದು ಕೂಗಿಕೊಂಡೆ.

ಅತ್ತೆ ಹೊಗೆಯಲ್ಲಿ ಕಣ್ಣೊರೆಸಿಕೊಂಡರು. “ಊದೋಕೆ ತಾನೇ ಇರೋದು? ಆದ್ರೂ ಪಕ್ಕದಲ್ಲೆಲ್ಲ ತೂತು ಇಟ್ಬುಟ್ಟಿದಾನೆ ಕಣೋ. ಇದನ್ನ ಮಾಡಿದೋನು ಒಂದಿನಾನೂ ಒಲೆ ಹಚ್ಚಿದೋನಲ್ಲ.”

೨. ಸಂಡಿಗೆ

ಪಾಠ ಬೆಳಗಿನ ಹೊತ್ತು. ಮಧ್ಯಾಹ್ನ ತಲೆಗೆ ಒದ್ದೆ ಟವಲು ಹಾಕಿಕೊಂಡು ಅತ್ತೆಯ ಮನೆ ತಾರಸಿಯ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಮೂರನೇ ದಿನ ಬೀದಿಯ ನಾಲ್ಕು ಜನ ಹೆಂಗಸರು ಒಟ್ಟಿಗೆ ಬಂದರು. ಗಲಾಟೆಗೆ ಬೈಯಲು ಬಂದಿದ್ದಾರೆಂದು ಕೈ ಮುಗಿದೇ ನಿಂತೆ.

“ಅಯ್ಯೋ, ಅದಲ್ಲ ಕಣಪ್ಪ. ನೀನು ಊದ್ತಿದ್ರೆ ನಿಮ್ಮತ್ತೆ ಸಂಡಿಗೆ ಹತ್ರ ಒಂದು ಕಾಗೇನೂ ಸುಳಿಯಲ್ವಂತೆ. ನಾಳೆ ನಮ್ಮನೆ ತಾರಸಿಗೂ ಬಂದ್ಬುಡು.”

ದಿನಕ್ಕೊಂದು ತಾರಸಿಯಂತೆ ಎರಡು ವಾರ ಊದಿದೆ. ಕೊನೆಗೆ ಅವರಲ್ಲೇ ಒಬ್ಬರು ಮುಖ ಸಪ್ಪಗೆ ಮಾಡಿಕೊಂಡು ಬಂದರು. “ಈಚೆಗೆ ಚೆನ್ನಾಗಿ ನುಡಿಸ್ತಿದೀಯ ಅಂತ ಕಾಣತ್ತೆ ಕಣಪ್ಪ. ನಿನ್ನೆ ಕಾಗೆಗಳು ಬಂದು ಕೂತ್ಕೊಂಡ್ಬುಟ್ಟವು.”

೩. ಗಟ್ಟಿಮೇಳ

ಪರೀಕ್ಷೆ ನಡೆದದ್ದು ಒಂಟಿಕೊಪ್ಪಲಿನ ಒಂದು ಶಾಲೆಯಲ್ಲಿ. ಪಕ್ಕದಲ್ಲೇ ಛತ್ರ, ಅಲ್ಲಿ ಮದುವೆ. ಮೇಷ್ಟ್ರು ನನಗೆ ಕೊಟ್ಟದ್ದು ಶವಯಾತ್ರೆಯಲ್ಲಿ ನುಡಿಸುವ ಇಂಗ್ಲಿಷ್ ನಡಿಗೆಯ ಮಟ್ಟು. ಹೆಜ್ಜೆಹೆಜ್ಜೆಗೂ ಎದೆ ಭಾರವಾಗುವ ಹಾಗೆ ಎಳೆದು ಎಳೆದು ನುಡಿಸಬೇಕು.

ಅರ್ಧದವರೆಗೆ ಚೆನ್ನಾಗಿಯೇ ಬಂತು. ಮೇಷ್ಟ್ರ ಕಣ್ಣೂ ಒದ್ದೆಯಾಗಿತ್ತು. ಅಷ್ಟರಲ್ಲಿ ಕಿಟಕಿಯಾಚೆಯಿಂದ ಪುರೋಹಿತರ ಕೂಗು: “ಗಟ್ಟಿಮೇಳ! ಗಟ್ಟಿಮೇಳ!”

ತಾಳಿ ಕಟ್ಟುವ ಹೊತ್ತು. ಎಷ್ಟು ಮದುವೆಗಳಲ್ಲಿ ಕೇಳಿದ ಮಾತು! ನನ್ನ ಬೆರಳು ನನ್ನ ಕೈಯಲ್ಲಿರಲಿಲ್ಲ. ಅದೇ ಶವಯಾತ್ರೆಯನ್ನು ನಾಲ್ಕು ಪಟ್ಟು ವೇಗದಲ್ಲಿ ಜೋರಾಗಿ ಊದಿಬಿಟ್ಟೆ. ನನ್ನ ಜೊತೆಯ ಐವರೂ ಎದ್ದು ನಿಂತರು. ಮೇಷ್ಟ್ರು ಅಕ್ಷತೆ ಹಾಕಲು ಕೈ ಎತ್ತಿ, ಕೈಯಲ್ಲಿದ್ದ ಸೀಮೆಸುಣ್ಣವನ್ನೇ ಎಸೆದರು.

ಆಮೇಲೆ ಅವರಿಗೆ ಎಚ್ಚರವಾಯಿತು. “ಹೆಣಾನ ಓಡಿಸ್ಕೊಂಡು ಹೋಗ್ತಾರೇನಯ್ಯಾ? ನಿನಗೆ ತಾಳಾನೇ ಸರಿ!” ಎಂದು ಪೆನ್ಸಿಲ್ ತೆಗೆದುಕೊಂಡರು. ನನಗೆ ಅಳುವೇ ಬಂತು.

ಅದೇ ಗಳಿಗೆಗೆ ಛತ್ರದಿಂದ ಮದುವೆ ಹುಡುಗಿಯ ತಂದೆ ತಾಂಬೂಲದ ತಟ್ಟೆ ಹಿಡಿದುಕೊಂಡು ಓಡಿಬಂದರು. “ಸ್ವಾಮಿ, ನಮ್ಮ ಓಲಗದವರ ಬಸ್ಸು ದಾರೀಲಿ ಕೆಟ್ಟು ನಿಂತಿದೆ. ನೀವಿಲ್ದಿದ್ರೆ ವಾದ್ಯವಿಲ್ದೆ ತಾಳಿ ಕಟ್ಟಿಸಬೇಕಿತ್ತು. ಎಂಥಾ ಮಂಗಳಕರವಾಗಿತ್ತು ಸ್ವಾಮಿ! ಇಂಥ ವಿದ್ವಾಂಸರನ್ನ ತಯಾರು ಮಾಡಿದೀರಲ್ಲ!”

ಮೇಷ್ಟ್ರು ಒಮ್ಮೆ ನನ್ನನ್ನು, ಒಮ್ಮೆ ತಟ್ಟೆಯನ್ನು ನೋಡಿದರು. “ಹೌದು, ನಮ್ಮ ಬ್ಯಾಂಡಿನ ಬಸೂನ್ ವಿದ್ವಾನ್. ಇವತ್ತೇ ಪಾಸಾದ” ಎಂದುಬಿಟ್ಟರು.

“ಹಾಗಾದ್ರೆ ಸಾಯಂಕಾಲ ಹೆಣ್ಣು ಗಂಡಿನ ಮೆರವಣಿಗೆಗೂ ಅದನ್ನೇ ನುಡಿಸ್ಬೇಕು. ಇಲ್ಲ ಅನ್ಬಾರ್ದು.”

ಅವರು ಹೋದ ಮೇಲೆ ಮೇಷ್ಟ್ರು ನನ್ನ ತೋಳು ಹಿಡಿದುಕೊಂಡು ಕಿವಿಯಲ್ಲಿ ಹೇಳಿದರು: “ಹೋಗಿ ನುಡಿಸಿ ಬಾರಯ್ಯಾ. ಆದ್ರೆ ದಮ್ಮಯ್ಯ ಅಂತೀನಿ, ಸರಿಯಾಗಿ ಮಾತ್ರ ನುಡಿಸ್ಬೇಡ!”