ಮೇಲ್ ಬಂದಿಲ್ಲ ಕಣ್ರೀ

ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕೆಲಸ ಅಂದರೆ ಲಿಫ್ಟು, ನೀರು, ನಾಯಿ, ಪಾರ್ಕಿಂಗು ಅಂದುಕೊಂಡು ಸೇರಿದವನು ನಾನು. ಅವೆಲ್ಲ ಹೇಗೋ ನಡೆದುಹೋಗುತ್ತವೆ. ನನ್ನ ನೆಮ್ಮದಿ ಕೆಡಿಸಿದ್ದು ಇಮೇಲು. ಜಕ್ಕೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೋಟಿಸುಗಳೆಲ್ಲ ಇಮೇಲಿನಲ್ಲೇ ಹೋಗಬೇಕು, ವಾಟ್ಸಾಪ್‌ನಲ್ಲಿ ಹಾಕಿದರೆ ಜಗಳವಾಗುತ್ತದೆ ಅಂತ ಸಂಘದ ಅಧ್ಯಕ್ಷರ ಕಟ್ಟಪ್ಪಣೆ. ನಾನು ಕಳಿಸುತ್ತೇನೆ. ಅದು ಹೋಗಿ ಎಲ್ಲರ ಸ್ಪ್ಯಾಮ್ ಫೋಲ್ಡರಿನಲ್ಲಿ, ಲಾಟರಿ ಮತ್ತು ಬೋಳುತಲೆ ಎಣ್ಣೆಯ ಮಧ್ಯೆ ಬೀಳುತ್ತದೆ. ಸೆಂಡ್ ಒತ್ತಿದ ಮೇಲೆ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಗೇಟಿನ ತನಕ ಹೋಗುತ್ತೇನೆ, ಬರುತ್ತೇನೆ, ಎದುರು ಸಿಕ್ಕವರ ಮುಖ ನೋಡಿ ಓದಿದ್ದಾರೋ ಇಲ್ಲವೋ ಅಂತ ಲೆಕ್ಕ ಹಾಕುತ್ತೇನೆ. ಹೆಬ್ಬಾಳದ ಟ್ರಾಫಿಕ್ ದಾಟಿ ದಾಸರಹಳ್ಳಿಯ ಮನೆ ಸೇರಿದರೂ ಅದೇ ಯೋಚನೆ. ಇಷ್ಟು ಚಡಪಡಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಸೋಪಿನ ನೊರೆ

ನೀರಿನ ಟ್ಯಾಂಕ್ ತೊಳೆಸಬೇಕಿತ್ತು. ಹಿಂದಿನ ದಿನವೇ ಮೇಲ್ ಕಳಿಸಿದೆ. ಯಾರೂ ತಪ್ಪಿಸಿಕೊಳ್ಳದಿರಲಿ ಅಂತ ಸಬ್ಜೆಕ್ಟ್ ಸಾಲಿನಲ್ಲಿ "ತುರ್ತು! ಕೂಡಲೇ ತೆರೆಯಿರಿ! ತಡಮಾಡಿದರೆ ನಿಮಗೇ ನಷ್ಟ!" ಅಂತ ಬರೆದಿದ್ದೆ.

ಬೆಳಿಗ್ಗೆ ನೀರು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ, ಮೇಲಿನ ಮಹಡಿಯಲ್ಲಿರುವ ಬ್ಯಾಂಕಿನವರೊಬ್ಬರು ಟವೆಲ್ ಸುತ್ತಿಕೊಂಡು, ತಲೆ ತುಂಬಾ ನೊರೆ ಹೊತ್ತುಕೊಂಡು ಲಿಫ್ಟಿನಿಂದ ಇಳಿದರು. ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಕುಡಿಯುವ ನೀರಿನ ಕ್ಯಾನಿನಿಂದ ಒಂದು ಜಗ್ ತುಂಬಿಸಿ ಕೊಟ್ಟೆ. ಮುಖ ತೊಳೆದುಕೊಂಡು, ತನಗೆ ಯಾವ ಮೇಲೂ ಬಂದಿಲ್ಲ ಅಂದರು. ಸ್ಪ್ಯಾಮ್‌ನಲ್ಲಿ ನೋಡಿ ಸಾರ್ ಅಂತ ನನ್ನ ಕಂಪ್ಯೂಟರನ್ನೇ ಬಿಟ್ಟುಕೊಟ್ಟೆ. ಅಲ್ಲಿತ್ತು. ತಲೆಯ ನೊರೆ ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿದ್ದ ಹಾಗೇ ಓದಿದರು.

"ಇದನ್ನ ಹೀಗೆ ಬರೆದ್ರೆ ಕಂಪ್ಯೂಟರ್ ಯಾಕೆ, ನಾನೇ ಸ್ಪ್ಯಾಮಿಗೆ ಹಾಕ್ತಿದ್ದೆ" ಅಂದರು.

ಆಮೇಲೆ ಒಳ್ಳೆಯ ಮಾತಿನಲ್ಲೇ ತಿಳಿಸಿ ಹೇಳಿದರು. ಕೂಗಾಡುವ ಹಾಗೆ ಬರೆಯಬಾರದಂತೆ, ನಷ್ಟ ಗಿಷ್ಟ ಅನ್ನಬಾರದಂತೆ, ಮನೆಯವರ ಹತ್ತಿರ ಮಾತಾಡುವಂತೆ ಇರಬೇಕಂತೆ. ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ಮುಂದಿನ ಸಲ ಟ್ಯಾಂಕ್ ತೊಳೆಸುವಾಗ "ನೀರಿನ ಬಗ್ಗೆ ಒಂದು ಸಣ್ಣ ವಿಷಯ" ಅಂತ ಬರೆದೆ. ಮೇಲ್ ನೇರವಾಗಿ ಇನ್‌ಬಾಕ್ಸಿಗೇ ಹೋಯಿತು. ಬೆಳಿಗ್ಗೆ ಅದೇ ಬ್ಯಾಂಕಿನವರು, ಅದೇ ಟವೆಲಿನಲ್ಲಿ, ಅಷ್ಟೇ ನೊರೆಯೊಂದಿಗೆ ಇಳಿದರು.

"ನೋಡಿದ್ದೆ ಕಣ್ರೀ" ಅಂದರು. "ಸಣ್ಣ ವಿಷಯ ಅಂತಿತ್ತಲ್ಲ, ಆಮೇಲೆ ಓದೋಣ ಅಂತ ಬಿಟ್ಟೆ."

ಟೀಚರಮ್ಮನ ನ್ಯಾಯ

ಇದಕ್ಕೊಂದು ಕೊನೆ ಕಾಣಿಸಬೇಕು ಅಂತ ನಿವಾಸಿಗಳಿಗೆಲ್ಲ ಹೊಸದೊಂದು ಮೇಲ್ ಬರೆದೆ. ದಯವಿಟ್ಟು ಸ್ಪ್ಯಾಮ್ ಫೋಲ್ಡರ್ ತೆಗೆದು ನೋಡಿ, ನಮ್ಮ ಮೇಲ್ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಅಂತ ಒತ್ತಿ, ಆಫೀಸಿನ ವಿಳಾಸವನ್ನು ನಿಮ್ಮ ಕಾಂಟ್ಯಾಕ್ಟಿನಲ್ಲಿ ಸೇರಿಸಿಕೊಳ್ಳಿ ಅಂತ ವಿವರವಾಗಿ ತಿಳಿಸಿದೆ. ಆ ಮೇಲ್ ಕೂಡ ಸ್ಪ್ಯಾಮಿಗೇ ಹೋಯಿತು.

ಬೇರೆ ದಾರಿಯಿಲ್ಲದೆ ಮನೆಮನೆಗೆ ಹೊರಟೆ. ನೆಲಮಹಡಿಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ಅವರ ಫೋನಿನಲ್ಲಿ ಸ್ಪ್ಯಾಮ್ ತೆಗೆದು, ನಮ್ಮ ಮೇಲ್ ಹುಡುಕಿ, ಯಾವ ಗುಂಡಿ ಒತ್ತಬೇಕು ಅಂತ ತೋರಿಸಿಕೊಟ್ಟೆ. ಪಾಪ, ಇವೆಲ್ಲ ಇಷ್ಟು ದಿನ ಇಲ್ಲೇ ಬಿದ್ದಿದ್ದವಾ ಅಂತ ಮರುಗಿದರು. ಕಾಫಿ ಕೊಟ್ಟರು. ಒಬ್ಬರಾದರೂ ಸರಿಹೋದರಲ್ಲ ಅಂತ ಖುಷಿಯಾಗಿ ಬಂದೆ.

ವಾರವಾಗುವಷ್ಟರಲ್ಲಿ ನನಗೆ ಫೋನುಗಳು ಬರತೊಡಗಿದವು. ನಿಮ್ಮ ಸಾಲ ಮಂಜೂರಾಗಿದೆ ಅಂತ ಒಬ್ಬ. ಲಾಟರಿ ಹೊಡೆದಿದೆ ಅಂತ ಇನ್ನೊಬ್ಬ. ದೂರದ ದೇಶದಲ್ಲಿ ಸತ್ತ ನಿಮ್ಮ ಮಾವನ ಆಸ್ತಿ ಕಾಯುತ್ತಾ ಇದೆ ಅಂತ ಇಂಗ್ಲಿಷಿನಲ್ಲಿ ಮತ್ತೊಬ್ಬ. ನನ್ನ ಮಾವ ನೆಲಮಂಗಲದಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಇವೆಲ್ಲ ಟೀಚರಮ್ಮನ ಸ್ಪ್ಯಾಮಿನಲ್ಲಿ ಕಂಡವೇ ಅಲ್ಲವಾ ಅಂತ ಅನುಮಾನ ಬಂದು ಅವರ ಮನೆಗೆ ಓಡಿದೆ.

"ಒಬ್ಬರಿಗೆ ಒತ್ತಿ ಇನ್ನೊಬ್ಬರಿಗೆ ಬಿಟ್ರೆ ಭೇದಭಾವ ಆಗುತ್ತೆ ಕಣಪ್ಪಾ, ಎಲ್ಲರಿಗೂ ಒತ್ತಿದೆ" ಅಂದರು. "ಎಲ್ಲರೂ ದುಡ್ಡಿನ ವಿಚಾರಾನೇ ಬರೀತಾರೆ. ನನಗೆ ಅದೆಲ್ಲ ಗೊತ್ತಾಗಲ್ಲ, ನಮ್ಮ ಮ್ಯಾನೇಜರ್ ನೋಡ್ಕೋತಾರೆ ಅಂತ ನಿನ್ನ ನಂಬರ್ ಕೊಟ್ಟಿದೀನಿ."

ಗೌಡರ ವಿಚಾರಣೆ

ನಮ್ಮ ಅಪಾರ್ಟ್‌ಮೆಂಟ್ ಎದ್ದಿರುವುದು ಒಬ್ಬ ಗೌಡರ ರಾಗಿ ಹೊಲದಲ್ಲಿ. ಗೌಡರು ಈಗಲೂ ಹಳೆ ಊರೊಳಗಿನ ಮನೆಯಲ್ಲೇ ಇದ್ದಾರೆ. ಇಲ್ಲಿ ಅವರ ಪಾಲಿಗೆ ಬಂದ ಫ್ಲ್ಯಾಟುಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಸೊಸೆ ಅವರಿಗೊಂದು ಇಮೇಲ್ ವಿಳಾಸ ಮಾಡಿಕೊಟ್ಟಿದ್ದಳು. ಒಂದು ದಿನ ಆಫೀಸಿಗೆ ಬಂದು, ಎಲ್ಲರಿಗೂ ಹೋಗುವ ಮೇಲ್ ತಮಗೊಬ್ಬರಿಗೆ ಏಕೆ ಬರುವುದಿಲ್ಲ ಅಂತ ಕೇಳಿದರು.

ಬೇಡದ ಮೇಲ್‌ಗಳನ್ನು ಒಳಗೆ ಬಿಡದೆ ಆಚೆ ನಿಲ್ಲಿಸುವ ಒಂದು ಏರ್ಪಾಡು ಇರುತ್ತದೆ, ಒಮ್ಮೊಮ್ಮೆ ನಮ್ಮದನ್ನೂ ಹಾಗೇ ನಿಲ್ಲಿಸಿಬಿಡುತ್ತದೆ ಅಂತ ಬಿಡಿಸಿ ಹೇಳಿದೆ. ಗೌಡರ ಮುಖ ಗಂಟಿಕ್ಕಿತು.

"ನನ್ನ ಒಲ್ದಾಗೆ ಕುಂತು ನೀನು ಬರ್ದಿದ್ದು. ನನ್ ಮನೇಗ್ ಬರೋದನ್ನ ತಡ್ಯಾಕೆ ಅವ್ನ್ಯಾವನು? ನಂಬರ್ ಕೊಡು, ಮಾತಾಡ್ತೀನಿ."

ಅದು ಮನುಷ್ಯರಲ್ಲ ಗೌಡರೇ, ಮೆಷಿನ್ನು ಅಂದೆ. ಅಷ್ಟರಲ್ಲಿ ತಲೆ ಮೇಲೆ ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ವಿಮಾನ ಹಾದುಹೋಯಿತು. ಅದರ ಸದ್ದು ಅಡಗುವ ತನಕ ಗೌಡರು ಕಿಟಕಿಯಿಂದ ಅದನ್ನೇ ನೋಡಿದರು. ಆಮೇಲೆ ಸಮಾಧಾನವಾಗಿ ಎದ್ದರು.

"ಮೆಷಿನ್ನಾ? ಅಂಗಾದ್ರೆ ಬುಡು. ಎಲೆಕ್ಟ್ರಿಷಿಯನ್ ಬಂದಾಗ ತೆಗ್ಸಾಕು."

ನನಗೆ ಬಂದ ಮೇಲು

ಇವೆಲ್ಲ ನಗುವ ಮಾತಾದವು. ವಾರ್ಷಿಕ ಸಭೆಯ ಹೊತ್ತಿಗೆ ನಗು ನಿಂತಿತು. ಸಭೆಯ ಮೇಲ್ ಕಳಿಸಿ, ಕುರ್ಚಿ ಹಾಕಿಸಿ, ಎಲ್ಲರಿಗೂ ಆಗುವಷ್ಟು ಬೋಂಡ ತರಿಸಿದ್ದೆ. ಬಂದವರು ಅಧ್ಯಕ್ಷರೊಬ್ಬರೇ. ಮೈಕು ಹಿಡಿದು ಖಾಲಿ ಕುರ್ಚಿಗಳನ್ನು ಬಹಳ ಹೊತ್ತು ನೋಡಿದರು. ಮೈಕು ಕೆಳಗಿಟ್ಟು ಹೊರಟುಹೋದರು. ಅವರು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಮರುದಿನದಿಂದ ನಾನು ದುಪ್ಪಟ್ಟು ದುಡಿದೆ. ದಿನಾ ಬೆಳಿಗ್ಗೆ ಅವರ ಕಾರಿನ ಹತ್ತಿರ ನಿಂತು ನಮಸ್ಕಾರ ಮಾಡುತ್ತಿದ್ದೆ. ಅವರು ವಿಚಿತ್ರವಾಗಿ ನೋಡಿ, ಏನೋ ಹೇಳಲು ಬಾಯಿ ತೆಗೆದು, ಹಾಗೇ ಕಾರು ಹತ್ತುತ್ತಿದ್ದರು. ಒಂದು ಸಂಜೆ ಅವರ ತಾಯಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಮೆಕ್ಯಾನಿಕ್ ಬರುವ ತನಕ ನಾನು ಬಾಗಿಲಿನ ಹೊರಗೆ ನೆಲದ ಮೇಲೆ ಕೂತು, ಅವರು ಗಾಬರಿಯಾಗದಂತೆ ಅವರ ತವರೂರಿನ ವಿಚಾರ ಕೇಳುತ್ತಿದ್ದೆ. ಆಮೇಲಂತೂ ಅಧ್ಯಕ್ಷರು ನನ್ನ ಕಣ್ಣಿಗೆ ಕಣ್ಣು ಕೊಡುವುದನ್ನೇ ಬಿಟ್ಟರು.

ಅದೇ ವಾರ ಲಿಫ್ಟ್ ಕಂಪನಿಯವರು ಬಿಲ್ ಮೇಲ್ ಮಾಡಿದ್ದೇವೆ ಅಂದರು. ಎಲ್ಲೂ ಕಾಣಲಿಲ್ಲ. ಊರವರ ಸ್ಪ್ಯಾಮ್ ಎಲ್ಲ ತಡಕಾಡಿದವನು ನನ್ನದನ್ನು ಯಾವತ್ತೂ ತೆಗೆದಿರಲಿಲ್ಲ. ತೆಗೆದೆ. ಲಿಫ್ಟಿನವರ ಬಿಲ್ಲಿನ ಕೆಳಗೆ ಅಧ್ಯಕ್ಷರ ಮೇಲ್ ಇತ್ತು. ಬರುವ ಒಂದನೇ ತಾರೀಕಿನಿಂದ ನಿಮ್ಮ ಸೇವೆ ನಮಗೆ ಬೇಕಾಗಿಲ್ಲ, ಹೇಳುವುದೇನಾದರೂ ಇದ್ದರೆ ಉತ್ತರಿಸಿ, ಅಂತ ಬರೆದಿದ್ದರು. ಆ ಒಂದನೇ ತಾರೀಕು ಕಳೆದು ವಾರವಾಗಿತ್ತು.

ಕೆಲಸ ಹೋದದ್ದು ತಿಳಿಯದೆ ಕೆಲಸ ಮಾಡುತ್ತಿದ್ದೆ. ಫೋನ್ ಹಿಡಿದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಮೇಲ್ ಈಗ ನೋಡಿದೆ ಸಾರ್ ಅಂತ ಫೋನನ್ನು ಅವರ ಮುಂದೆ ಹಿಡಿದೆ. ಅವರು ಸೋಫಾದ ಮೇಲೆ ಕುಸಿದು ಕೂತರು.

"ಈಗ ನೋಡಿದ್ರಾ?" ಅಂದರು. "ಉತ್ತರಾನೂ ಇಲ್ಲ, ದಿನಾ ಬಂದು ನಮಸ್ಕಾರ ಬೇರೆ. ನೀವು ಲಾಯರ್ ಇಟ್ಟಿದೀರ ಅಂತ ನಾನು ನಿದ್ದೆ ಬಿಟ್ಟಿದೀನಿ ಕಣ್ರೀ."

ಒಳಗಿನಿಂದ ಅವರ ತಾಯಿ, ಯಾರಪ್ಪಾ ಬಂದಿರೋದು, ಲಿಫ್ಟಿನ ಹುಡುಗಾನಾ, ತಿಂಡಿ ತಿಂದುಕೊಂಡು ಹೋಗಲಿ ಅಂತ ಕೂಗಿದರು. ಅಧ್ಯಕ್ಷರು ಒಮ್ಮೆ ಅಡುಗೆಮನೆ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಈಗೇನು ಮಾಡಲಿ ಸಾರ್ ಅಂತ ಕೇಳಿದೆ.

"ಅದನ್ನ ಇನ್‌ಬಾಕ್ಸಿಗೆ ತಂದ್ರಾ?"

ಇಲ್ಲ ಸಾರ್, ಸ್ಪ್ಯಾಮ್‌ನಲ್ಲೇ ಇದೆ ಅಂದೆ.

"ತರಬೇಡಿ" ಅಂದರು, ದನಿ ತಗ್ಗಿಸಿ. "ಅಲ್ಲಿರೋದು ಒಂದು ತಿಂಗಳಿಗೆ ತಾನಾಗೇ ಅಳಿಸಿಹೋಗುತ್ತಂತೆ. ಅಲ್ಲೀತನಕ ನಾನು ಕಳಿಸಿಲ್ಲ, ನೀವು ನೋಡಿಲ್ಲ. ಬನ್ನಿ, ದೋಸೆ ಆರುತ್ತೆ."