ಮುತ್ತಿನ ಹಾರಕ್ಕೆ ಮಿಲ್ಲಿನ ಕೊಂಡಿ

ಶಿವಕಾಂತಮ್ಮನ ಮುತ್ತಿನ ಹಾರದ ಕೊಂಡಿ ಮುರಿಯಿತು. ಇದರಲ್ಲಿ ಅವಳ ಗಂಡ ದೇವೀಂದ್ರಪ್ಪನ ತಪ್ಪೇನೂ ಇರಲಿಲ್ಲ. ಆದರೆ ಗಾಜಿಪುರದ ಆ ಮನೆಯಲ್ಲಿ ಹಾಲು ಉಕ್ಕಿದರೂ, ನಲ್ಲಿ ನೀರು ನಿಂತರೂ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದರೂ ತಪ್ಪು ಅವನದೇ ಎಂಬ ಕಾಯಿದೆ ಮದುವೆಯಾದ ದಿನದಿಂದ ಜಾರಿಯಲ್ಲಿತ್ತು.

"ರೀ, ನೋಡ್ರಿಲ್ಲಿ. ಭಾಗ್ಯಜ್ಯೋತಿ ಕುಬಸಕ್ಕ ನಾ ಏನ್ ಹಾಕ್ಕೊಂಡು ಹೋಗ್ಲಿ? ಕೊರಳಾಗ ಹಗ್ಗ ಕಟ್ಕೊಂಡು ಹೋಗ್ಲೇನು?"

ಭಾಗ್ಯಜ್ಯೋತಿ ಎಂದರೆ ಶಿವಕಾಂತಮ್ಮನ ತಂಗಿ ಮಲ್ಕಮ್ಮನ ಮಗಳು. ಚೊಚ್ಚಲ ಬಸುರಿ, ಕುಬಸ ಎಂದರೆ ಅವಳ ಸೀಮಂತ. ಮಲ್ಕಮ್ಮ ಇರುವುದು ಕಮಲಾಪುರದಲ್ಲಿ, ಅವಳ ಗಂಡ ಅಮರನಾಥ ಅಲ್ಲಿ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಅಕ್ಕ ತಂಗಿಯರ ಪ್ರೀತಿ ಎಷ್ಟೆಂದರೆ, ಒಬ್ಬಳು ಹೊಸ ಸೀರೆ ಉಟ್ಟರೆ ಇನ್ನೊಬ್ಬಳಿಗೆ ಊಟ ಸೇರುತ್ತಿರಲಿಲ್ಲ. ಈಗ ಮಲ್ಕಮ್ಮ ಬಂಗಾರದ ದೊಡ್ಡ ಹಾರ ಮಾಡಿಸಿಕೊಂಡ ಸುದ್ದಿ ಬಂದಿತ್ತು. ಅದರ ಎದುರು ನಿಲ್ಲಲು ಶಿವಕಾಂತಮ್ಮನ ಹತ್ತಿರ ಇದ್ದ ಮದ್ದುಗುಂಡು ಎರಡೇ. ಅಪ್ಪ ಹೈದರಾಬಾದಿನಿಂದ ತಂದಿದ್ದ ಮುತ್ತಿನ ಹಾರ, ಗಂಡ ಕೊಡಿಸಿದ್ದ ಒಂದು ಜೊತೆ ಬಂಗಾರದ ಪಾಟ್ಲಿ ಬಳೆ.

"ನಡೀರಿ, ಸೂಪರ್ ಮಾರ್ಕೆಟ್ ಬಜಾರಕ್ಕ ಹೋಗೋಣು. ಸರಾಫರ ಅಂಗಡ್ಯಾಗ ಕೊಂಡಿ ಹಾಕಿಸ್ಕೊಂಡು, ಹಂಗೇ ಈ ಪಾಟ್ಲೀಗೂ ಪಾಲಿಶ್ ಮಾಡಿಸ್ಕೊಂಡು ಬರೋಣು."

ಪಾಲಿಶ್ ಎಂಬ ಮಾತು ಕೇಳಿ ದೇವೀಂದ್ರಪ್ಪ ಚಹಾದ ಕಪ್ಪು ಕೆಳಗಿಟ್ಟ.

ಕಾರಣ ಇತ್ತು. ಆ ಪಾಟ್ಲಿಗಳು ಬಂಗಾರದವಲ್ಲ. ಮೂರು ವರ್ಷದ ಹಿಂದೆ ಪಾಟ್ಲಿಗೆಂದು ಎತ್ತಿದ ಚೀಟಿ ರೊಕ್ಕ ಸರಾಫರ ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಬುಲೆಟ್ ಗಾಡಿಯ ಮುಂದೆ ನಿಂತು, ಅಲ್ಲೇ ಉಳಿದುಬಿಟ್ಟಿತ್ತು. ಪಾಟ್ಲಿಗಳು ಉರುಸಿನ ಅಂಗಡಿಯಿಂದ ಬಂದವು. ಅವುಗಳ ಕೆಂಪು ಮಖಮಲ್ ಡಬ್ಬಿ ಮಾತ್ರ ಅಸಲಿ. (ಡಬ್ಬಿಯ ವಿಷಯದಲ್ಲಿ ಅವನು ಜಿಪುಣತನ ಮಾಡಲಿಲ್ಲ, ಅದನ್ನು ಹೇಳಲೇಬೇಕು.) ಬುಲೆಟ್ ಎಲ್ಲಿಂದ ಬಂತು ಎಂದು ಹೆಂಡತಿ ಕೇಳಿದಾಗ, ತಾನು ಕೆಲಸ ಮಾಡುವ ಮಿಲ್ಲಿನ ಮಾಲೀಕರು ಖುಷಿಯಾಗಿ ಕೊಟ್ಟರು ಎಂದಿದ್ದ. (ಮಾಲೀಕರು ಖುಷಿಯಾಗಿ ಯಾರಿಗೂ ಚಹಾ ಕೂಡ ಕೊಟ್ಟವರಲ್ಲ.)

"ಇಷ್ಟು ಸಣ್ಣ ಕೊಂಡಿಗಿ ಸರಾಫ ಯಾಕ ಬೇಕು? ನಾನೇ ಹಾಕ್ತೀನಿ."

"ನೀವಾ? ಹೋದ ಸಲ ಮಿಕ್ಸರ್ ರಿಪೇರಿ ಮಾಡಿದ್ರಿ. ಈಗ ಅದು ಚಟ್ನಿ ಅರಿಯಂಗಿಲ್ಲ, ಫ್ಯಾನ್‌ನಂಗ ಗಾಳಿ ಬಿಡ್ತದ."

"ಮಿಕ್ಸರ್ ಬ್ಯಾರೆ, ಹಾರ ಬ್ಯಾರೆ."

"ಹೌದ್ರಿ. ಮಿಕ್ಸರ್ ನಮ್ಮಪ್ಪ ತಂದಿದ್ದಲ್ಲ."

ದೇವೀಂದ್ರಪ್ಪ ನಂದೂರಿನ ದಾಲ್ ಮಿಲ್ಲಿನಲ್ಲಿ ಫಿಟ್ಟರ್. ತೊಗರಿಯ ಜೊತೆ ಬರುವ ಮೊಳೆ, ತಂತಿಯ ಚೂರು ಹಿಡಿಯಲು ಅಲ್ಲಿ ಅಯಸ್ಕಾಂತ ಇಟ್ಟಿರುತ್ತಾರೆ. ಗುಜರಿಗೆ ಹಾಕಿದ್ದ ಹಳೆಯ ಜಾಲರಿಯೊಂದರಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಎರಡು ಅಯಸ್ಕಾಂತದ ಬಿಲ್ಲೆಗಳು ಅವನಿಗೆ ಸಿಕ್ಕವು. ಜೊತೆಗೆ ಕೆಲಸ ಮಾಡುವ ಪರ್ವೇಜ್ ನೋಡಿ ನಕ್ಕ. ಪರ್ವೇಜನ ಕಣ್ಣು ಬಹಳ ದಿನದಿಂದ ಬುಲೆಟ್ ಮೇಲಿತ್ತು.

"ದೇವೀಂದ್ರಣ್ಣಾ, ಇದು ಭಾಭಿ ಹಾರಕ್ಕಾ? ಖೈರಿಯತ್ ಇಲ್ಲ ನಿಮ್ದು, ಉಳಿಯಂಗಿಲ್ಲ ನೀವು. ಅದಿರ್ಲಿ, ಗಾಡಿ ಯಾವಾಗ ಕೊಡ್ತೀರಿ?"

"ನಾ ಸತ್ತ ಮ್ಯಾಲ ತಗೋ."

"ಆಗ್ಲಿ ಅಣ್ಣಾ, ಕಾಯ್ತೀನಿ."

ಹಾರದ ಒಂದು ತುದಿಗೆ ಒಂದು ಬಿಲ್ಲೆ, ಇನ್ನೊಂದು ತುದಿಗೆ ಇನ್ನೊಂದು. ಹತ್ತಿರ ತಂದರೆ ಟಕ್. ಇಬ್ಬರು ಹಮಾಲರು ಎಳೆದರೂ ಬಿಡದು. ಆದರೆ ಭಾರ ಜಾಸ್ತಿಯಾಗಿ ಕೊಂಡಿ ಕತ್ತಿನ ಹಿಂದೆ ನಿಲ್ಲಲೊಲ್ಲದು, ಜಾರಿ ಜಾರಿ ಎದೆಯ ಮೇಲೆ ಬಂದು ಕೂತಿತು. ಶಿವಕಾಂತಮ್ಮ ಬೈದಳು. ಬೈದು ದಣಿದ ಮೇಲೆ ಅದಕ್ಕೆ ಕೆಂಪು ಬಟ್ಟೆ ಹೊಲಿದು, ಜರಿ ಹಚ್ಚಿ, ಪದಕ ಎಂದು ಹೆಸರಿಟ್ಟಳು. ಅಂದೇ ಸಂಜೆ ಅಡಿಗೆ ಮನೆಯಿಂದ ಚೀರಿದಳು.

"ರೀ! ಸೌಟು ನನ್ನ ಬೆನ್ನ ಹತ್ತಿ ಬರಾಕತ್ತದ!"

"ಗಟ್ಟಿ ಅದ ಅಂತ ಅರ್ಥ," ಎಂದ ದೇವೀಂದ್ರಪ್ಪ ಹೆಮ್ಮೆಯಿಂದ.

ಅರ್ಧ ಆಯುಷ್ಯ ಅಯಸ್ಕಾಂತದ ಜೊತೆ ಕಳೆದವನಿಗೆ ಅದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ತೊಗರಿಯ ವಿಷಯದಲ್ಲಿ.

ಕುಬಸದ ದಿನ ಇಬ್ಬರೂ ಬುಲೆಟ್ ಮೇಲೆ ಕಮಲಾಪುರಕ್ಕೆ ಹೋದರು. ಕೊರಳಲ್ಲಿ ಹಾರ, ಡಬ್ಬಿಯಿಂದ ಹೊರಬಂದ ಪಾಟ್ಲಿ ಕೈಯಲ್ಲಿ. ಸೂಪರ್ ಮಾರ್ಕೆಟ್ ದಾಟುವಾಗ ದೇವೀಂದ್ರಪ್ಪ ಸರಾಫರ ಅಂಗಡಿಗಳ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಗಂಡಾಂತರ ಕಳೆಯಿತು ಎಂದುಕೊಂಡ. ಅದು ಹಿಂದಿನ ಸೀಟಿನಲ್ಲಿ, ಅವನ ಬೆನ್ನಿಗೆ ಅಂಟಿಯೇ ಕೂತಿತ್ತು.

ಮಲ್ಕಮ್ಮನ ಮನೆ ತುಂಬಾ ಜನ. ಭಾಗ್ಯಜ್ಯೋತಿಯನ್ನು ನಡುಮನೆಯಲ್ಲಿ ಕೂಡಿಸಿ ಹೆಂಗಸರು ಉಡಿ ತುಂಬುತ್ತಿದ್ದರು. ಗಂಡಸರು ಬಾಗಿಲ ಹತ್ತಿರ ಕೂತು ಹೋಳಿಗೆಯ ವಾಸನೆಯ ಬಗ್ಗೆ ಗಂಭೀರವಾಗಿ ಯೋಚಿಸುತ್ತಿದ್ದರು. ಮಲ್ಕಮ್ಮನ ಹೊಸ ಹಾರ ಹೊಕ್ಕಳ ಮುಟ್ಟುತ್ತಿತ್ತು.

"ಒಂದ್ ಗ್ರಾಮ್ ಗೋಲ್ಡ್ ಇರ್ಬೇಕು," ಎಂದು ಶಿವಕಾಂತಮ್ಮ ಪಕ್ಕದವಳ ಕಿವಿಯಲ್ಲಿ ಹೇಳಿದಳು. ಗುಟ್ಟಾಗಿಯೇ ಹೇಳಿದಳು. ಬೀದಿಯವರೆಗೆ ಕೇಳಿಸಿತು.

ಅವಳ ಸರದಿ ಬಂತು. ಕುಂಕುಮದ ಸ್ಟೀಲ್ ತಾಟು ಹಿಡಿದು ಬಗ್ಗಿದಳು. ಟಕ್! ತಾಟು ಕೈಯಿಂದ ಹಾರಿ ಪದಕಕ್ಕೆ ಹತ್ತಿಕೊಂಡಿತು. ಕುಂಕುಮವೆಲ್ಲ ಸೀರೆಯ ಮೇಲೆ. ಎದ್ದು ನಿಂತಳು, ತಾಟೂ ಎದ್ದು ನಿಂತಿತು.

"ಯಕ್ಕಾ," ಮಲ್ಕಮ್ಮ ಬಿದ್ದು ಬಿದ್ದು ನಕ್ಕಳು. "ತಾಟು ಕೊರಳಿಗೇ ಕಟ್ಕೊಂಡಿ ಅಲ್ಲ! ಊಟಕ್ಕ ಇಷ್ಟ್ ಅವಸರೇನು?"

ನಗುತ್ತಲೇ ತಾಟು ಬಿಡಿಸಲು ಬಂದಳು. ಅವಳ ಹೊಸ ಹಾರ ಪದಕಕ್ಕೆ ತಾಕಿತು. ಏನೂ ಆಗಲಿಲ್ಲ, ಸುಮ್ಮನೆ ಜಾರಿತು. "ಬಿಡ, ನಾನೇ ತಗೀತೀನಿ," ಎಂದು ಶಿವಕಾಂತಮ್ಮ ತನ್ನ ಕೈ ಎತ್ತಿದಳು.

ಟಕ್.

ಪಾಟ್ಲಿ ಹೋಗಿ ಪದಕಕ್ಕೆ ಕೂತಿತು. ಪಾಟ್ಲಿಯ ಒಳಗೆ ಕೈ, ಕೈಯ ಹಿಂದೆ ಶಿವಕಾಂತಮ್ಮ.

ಬಾಗಿಲ ಹತ್ತಿರ ಅಮರನಾಥ ಕತ್ತು ಉದ್ದ ಮಾಡಿದ. "ಅಕ್ಕೋರೆ, ಬಂಗಾರಕ್ಕ ಅಯಸ್ಕಾಂತ ಹತ್ತಂಗಿಲ್ಲಲ್ಲ?"

ಶಿವಕಾಂತಮ್ಮ ಪಾಟ್ಲಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಇನ್ನೇನು ಕಿರುಚುತ್ತಾಳೆ ಎಂದು ದೇವೀಂದ್ರಪ್ಪ ಚಪ್ಪಲಿ ಎಲ್ಲಿವೆ ಎಂದು ನೋಡಿಕೊಂಡ. ಆದರೆ ಅವಳು ನಕ್ಕಳು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ನಗೆ ಅವನು ನೋಡಿರಲಿಲ್ಲ.

"ಯಾರ್ ಹೇಳ್ಯಾರ್ರಿ ನಿಮಗ? ಪ್ಯಾಟ್ಯಾಗ ಸಿಗೋ ಅಯಸ್ಕಾಂತ ಅಲ್ಲ ಇದು, ಮಿಲ್ಲಿಂದು. ಅಸಲಿ ಬಂಗಾರ ಕಂಡ್ರ ಬಿಡಂಗಿಲ್ಲ."

"ಮತ್ತ ತಾಟು ಹಿಡಿದದಲ್ಲ ಯಕ್ಕಾ? ತಾಟು ಬಂಗಾರದ್ದೇನು?"

"ಸ್ಟೀಲೂ ಹಿಡೀತದ, ಬಂಗಾರಾನೂ ಹಿಡೀತದ. ನಕಲಿ ಕಂಡ್ರ ಮಾತ್ರ ಮುಟ್ಟಂಗಿಲ್ಲ. ನಂದು ಹಿಡೀತು. ನಿಂದು ತಾಕ್ತಲ್ಲ, ಹಿಡೀತೇನು?" ಮತ್ತೆ ಬಾಗಿಲ ಕಡೆ ತಿರುಗಿದಳು. "ಹೌದಲ್ಲೇನ್ರಿ?"

ಹೆಂಡತಿ ನಾಲ್ಕು ಜನರ ಎದುರು ತನ್ನ ಅಭಿಪ್ರಾಯ ಕೇಳಿದ್ದು ದೇವೀಂದ್ರಪ್ಪನಿಗೆ ಇದೇ ಮೊದಲು.

"ಹೂಂ," ಎಂದ.

ಮಲ್ಕಮ್ಮನ ಕಣ್ಣಲ್ಲಿ ನೀರು ಬಂತು. "ಏನ್ರೀ," ಎಂದು ಅಮರನಾಥನ ಮೇಲೆ ಹೋದಳು. "ನನ್ನ ಕೊರಳಿಗಿ ಏನ್ ಕಟ್ಟೀರಿ ನೀವು?"

"ಏ ಹುಚ್ಚಿ, ಅಸಲಿ ಅದ! ಬಿಲ್ ಅದ!"

"ಬಿಲ್ಲು ಯಾರರೆ ಬರೀತಾರ. ಮಾಮಾ ಹೂಂ ಅಂದ್ರಲ್ಲ, ಅವ್ರು ಸುಳ್ಳು ಹೇಳೋ ಮನುಷ್ಯಾ ಏನು?"

ಪಾಪ, ಬಾಳೆಹಣ್ಣಿನಷ್ಟೇ ಮೃದುವಾದ ಅಮರನಾಥ ಮೊದಲ ಸಲ ಸಿಟ್ಟಿಗೆದ್ದ. "ನಾಳಿ ಮುಂಜಾನಿ ಹತ್ತಕ್ಕ ಸೂಪರ್ ಮಾರ್ಕೆಟ್‌ಗೆ ಬರ್ರಿ. ಹಾರಾನೂ ಪಾಟ್ಲೀನೂ ಸರಾಫರ ಮುಂದ ಇಡೋಣು. ಆಗ್ಲೇನ್ ಅಣ್ಣಾ?"

"ಆಗ್ಲಿ, ಆಗ್ಲಿ. ಯಾಕ ಆಗಬಾರ್ದು?" ಎಂದಳು ಶಿವಕಾಂತಮ್ಮ, ಗಂಡನ ಪರವಾಗಿ.

ಹೋಳಿಗೆ ಬಂದವು. ದೇವೀಂದ್ರಪ್ಪನಿಗೆ ರುಚಿ ತಿಳಿಯಲಿಲ್ಲ.

ವಾಪಸು ಬರುವಾಗ ದೇವೀಂದ್ರಪ್ಪನ ಬೆನ್ನು ಬೈಗುಳಕ್ಕೆ ಸಿದ್ಧವಾಗಿಯೇ ಇತ್ತು. ಊರು ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ಮಾತು ಬಂತು.

"ಗಾಡಿ ನಿಲ್ಲಿಸ್ರಿ."

ನಿಲ್ಲಿಸಿದ. ಅವಳು ಇಳಿದಳು. ಕೊರಳಿನ ಹಾರ ಬಿಚ್ಚಿದಳು.

"ಈ ಪಾಟ್ಲಿ, ಈ ಗಾಡಿ, ಎರಡೂ ಒಂದೇ ವಾರದಾಗ ಮನಿಗಿ ಬಂದಿದ್ವು. ಅಲ್ಲೇನ್ರಿ?"

ದೇವೀಂದ್ರಪ್ಪ ಕರವಸ್ತ್ರ ತೆಗೆದು ಬುಲೆಟ್ಟಿನ ಕನ್ನಡಿ ಒರೆಸತೊಡಗಿದ.

ಶಿವಕಾಂತಮ್ಮ ಪದಕವನ್ನು ಬುಲೆಟ್ಟಿನ ಪೆಟ್ರೋಲ್ ಟ್ಯಾಂಕಿಗೆ ಹಿಡಿದಳು. ಟಕ್.

"ಇದು ಅಸಲಿ ಅದ," ಎಂದಳು. "ಆ ಪರ್ವೇಜ್ ಕೇಳಾಕತ್ತಿದ್ದ ಅಂತಿದ್ರಿ ಅಲ್ಲ? ಫೋನ್ ಹಚ್ರಿ. ಮಲ್ಕಮ್ಮ ಬರೋದು ಹತ್ತಕ್ಕ. ಅಂಗಡಿ ತೆಗೆಯೋದು ಒಂಬತ್ತೂವರಿಗಿ. ಅರ್ಧ ತಾಸಿನ್ಯಾಗ ಏನ್ ಮಾಡಬೇಕು ಅಂತ ನಿಮಗ ನಾ ಹೇಳಬೇಕೇನು?"

ಮರುದಿನ ಹತ್ತು ಗಂಟೆಗೆ ಸರಾಫರು ಹಾರವನ್ನೂ ಪಾಟ್ಲಿಯನ್ನೂ ಉಜ್ಜಿ ನೋಡಿ, ಎರಡೂ ಅಪ್ಪಟ ಬಂಗಾರ ಎಂದರು. ಪಾಟ್ಲಿಯ ಬಗ್ಗೆ ಅವರಿಗೆ ಅನುಮಾನ ಇರಲು ಸಾಧ್ಯವೇ ಇರಲಿಲ್ಲ, ಆಗಷ್ಟೇ ತಾವೇ ಕೊಟ್ಟದ್ದು. ಅಕ್ಕ ತಂಗಿ ಅಪ್ಪಿಕೊಂಡು ಅತ್ತರು. ಅಮರನಾಥ ಚಹಾ ತರಿಸಿದ. ಚಹಾ ಬರುವಷ್ಟರಲ್ಲಿ ಸರಾಫರು ಮುತ್ತಿನ ಹಾರದಿಂದ ಬಿಲ್ಲೆಗಳನ್ನು ಕತ್ತರಿಸಿ ದೇವೀಂದ್ರಪ್ಪನ ಕೈಗಿಟ್ಟು, ಹೊಸ ಕೊಂಡಿ ಹಾಕಿದರು.

"ಇದಕ್ಕ ಎಷ್ಟ್ರಿ?" ಎಂದ ದೇವೀಂದ್ರಪ್ಪ.

"ಅಯ್ಯ, ಪಾಟ್ಲಿ ತಗೊಂ..." ಎಂದವರು ಶಿವಕಾಂತಮ್ಮನ ಕಣ್ಣು ನೋಡಿ ಅಲ್ಲಿಗೇ ನಿಂತರು. "ಇದು ಪುಕ್ಕಟೆ ಬಿಡ್ರಿ."

ಅಲ್ಲಿಂದ ಅವನು ಸಿಟಿ ಬಸ್ ಹತ್ತಿ ನಂದೂರಿಗೆ ಹೊರಟ. ಬಿಲ್ಲೆಗಳು ಅಂಗಿಯ ಜೇಬಿನಲ್ಲಿದ್ದವು. ಕೂಡಲು ಸೀಟು ಸಿಗಲಿಲ್ಲ, ಕಂಬಕ್ಕೆ ಒರಗಿ ನಿಂತ. ಟಕ್. ಸ್ಟಾಪ್ ಬಂತು, ಜನ ಇಳಿದರು, ಅವನ ಅಂಗಿ ಇಳಿಯಲೊಲ್ಲದು. ಕಿಟಕಿಯ ಹೊರಗೆ ಪರ್ವೇಜ್ ಬುಲೆಟ್ ಮೇಲೆ ಸಲಾಮು ಹೊಡೆದು ಮುಂದೆ ಹೋದ.

"ಕಂಬ ಬಿಡ್ರೀ ಕಾಕಾ," ಎಂದ ಕಂಡಕ್ಟರ್. "ಅದು ಸರ್ಕಾರದ್ದು ಅದ."