ನಲವತ್ತು ದಾಟಿದರೆ ನಡುಕ

ಜೀಪು ನನ್ನದು. ಅದರ ಕಾಯಿಲೆಯೂ ನನ್ನದು. ಆದ್ದರಿಂದ ಚಿಕಿತ್ಸೆಯೂ ನನ್ನ ಕೈಯಿಂದಲೇ ಆಗತಕ್ಕದ್ದು! ಇನ್ನು ಮುಂದೆ ಯಾವ ಮೆಕ್ಯಾನಿಕ್ಕನ ಸ್ಪಾನರೂ ಇದರ ಮೈ ಮುಟ್ಟಕೂಡದು!

ಹೀಗೆಂದು ತೊಂಬತ್ತೆಂಟನೇ ಇಸವಿಯ ನವೆಂಬರಿನ ಒಂದು ಬೆಳಿಗ್ಗೆ, ಅಕ್ಕಿರೊಟ್ಟಿ ಮುರಿಯುತ್ತಾ, ಶಾಂತಮಲ್ಲಪ್ಪನೆಂಬ ನಾನು ಘೋಷಿಸಿದೆ. ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಜಗದಾಂಬ, ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ ಮೀನಾಕ್ಷಮ್ಮ. ಇಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಬಾಳ್ಳುಪೇಟೆಯಿಂದ ಒಳಗೆ ತಿರುಗಿ, ಹೊಟ್ಟೆಯೊಳಗಿನ ಕಾಫಿ ಕುಲುಕಾಡುವಷ್ಟು ದೂರ ಬಂದರೆ ನಮ್ಮ ಸಣ್ಣ ತೋಟ. ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೇ ಜೀಪು ನಮ್ಮದು. ನಾಲ್ಕೂ ಚಕ್ರ ಎಳೆಯುವ ಗಂಡುಗಾಡಿ! ತೋಟದ ದಾರಿಯಲ್ಲಿ ಸಾಧು ಹಸು. ಟಾರು ರಸ್ತೆಗೆ ಹತ್ತಿ ಸ್ಪೀಡಿನ ಮುಳ್ಳು ನಲವತ್ತು ದಾಟಿತೋ, ಮೈಮೇಲೆ ದೇವರು ಬಂದಂತೆ ಮುಂಭಾಗವೆಲ್ಲ ಗಡಗಡ! ಸ್ಟೇರಿಂಗಿನ ನಡುಕ ಕೈಗೆ ಹತ್ತಿ, ಭುಜಕ್ಕೇರಿ, ಕೊನೆಗೆ ನಡುವಿಗೇ ಇಳಿಯುತ್ತಿತ್ತು.

"ಅದಕ್ಕೂ ನಿಮ್ಮಂಗೇ ಕಣ್ರೀ, ನಲವತ್ತು ದಾಟಿದ್ಮೇಲೆ ಶುರುವಾಗೈತೆ" ಅಂದಿದ್ದಳು ಜಗದಾಂಬ.

ನಗೆಮಾತಾಗಿಯೇ ಉಳಿಯುತ್ತಿತ್ತು, ಆದರೆ ಹಿಂದಿನ ವಾರ ಹಾಸನದಿಂದ ಅತ್ತೆಯವರನ್ನು ಕರೆತರುವಾಗ ಒಂದು ಅನಾಹುತ ಆಯಿತು. ದಾರಿಯುದ್ದಕ್ಕೂ "ಶಿ-ಶಿ-ಶಿವ-ಶಿವಾ" ಎಂದು ನಡುಗುತ್ತಾ ಜಪಿಸುತ್ತಿದ್ದ ಅವರ ಬಾಯಿಂದ ಹಲ್ಲುಸೆಟ್ಟು ಹಾರಿ ನನ್ನ ಮಡಿಲಿಗೆ ಬಿತ್ತು. ಅಳಿಯನಾದವನು ಅತ್ತೆಮನೆಯಿಂದ ಏನೇನೋ ಪಡೆಯುತ್ತಾನೆ. ಹಲ್ಲು ಪಡೆದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು!

ಈಗ ಬರುವ ಭಾನುವಾರ ಮಗ್ಗೆಯಲ್ಲಿ ನನ್ನ ನಾದಿನಿ ಚಂದ್ರಿಕಾಳ ಮಗುವಿಗೆ ನಾಮಕರಣ. ತೊಟ್ಟಿಲು ನಮ್ಮ ಕಡೆಯಿಂದ. ಅತ್ತೆ ಖಡಾಖಂಡಿತವಾಗಿ ಹೇಳಿದರು: "ಅಳಿಯಂದಿರೇ, ಬೇಜಾರು ಮಾಡ್ಕಬೇಡಿ. ನಾನು ಬಸ್ಸಲ್ಲಿ ಬತ್ತೀನಿ."

"ನಾನೂ ಅಮ್ಮನ ಜೊತೆಗೇ. ತೊಟ್ಟಿಲೂ ನಮ್ಮ ಜೊತೆಗೇ" ಅಂದಳು ಜಗದಾಂಬ. "ಆ ಗಾಡಿ ಅಷ್ಟರಲ್ಲಿ ನೆಟ್ಟಗಾದ್ರೆ ಸರಿ. ಇಲ್ದಿದ್ರೆ ನೀವೊಬ್ರೇ ನಡುಗ್ತಾ ಬನ್ನಿ."

ನೀವೇ ಯೋಚಿಸಿ! ಹೆಂಡತಿ, ಅತ್ತೆ, ತೊಟ್ಟಿಲು ಬಸ್ಸಿನಿಂದ ಇಳಿಯುವುದು. ಅವರ ಹಿಂದೆ ಖಾಲಿ ಜೀಪಿನಲ್ಲಿ ಹಿರಿಯ ಅಳಿಯ ಗಡಗಡಿಸುತ್ತಾ ಆಗಮಿಸುವುದು! ನೆಂಟರಿಷ್ಟರ ಬಾಯಿಗೆ ಅಷ್ಟು ಸಾಕು, ಆ ಮಗು ಮದುವೆಯಾಗುವವರೆಗೆ ಅಗಿಯುತ್ತಾರೆ. ಆದ್ದರಿಂದಲೇ ನನ್ನ ಆ ಘೋಷಣೆ.

ಮೊದಲ ಗುಮಾನಿ ಟೈರಿನ ಮೇಲೆ. ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದೆ. ಹೆದ್ದಾರಿಗೆ ಹೋಗಿ ನೋಡಿದರೆ ಅದೇ ನಡುಕ. ಎರಡನೇ ಗುಮಾನಿ ಮುಂದಿನ ಚಕ್ರಗಳಿಗೆ ಎಳೆತ ಕೊಡುವ ಉದ್ದನೆಯ ಶಾಫ್ಟಿನ ಮೇಲೆ. ಅದನ್ನು ಬಿಚ್ಚಿ ಜಗಲಿ ಮೇಲಿಟ್ಟು ಮತ್ತೆ ಹೋಗಿ ಬಂದೆ. ಅದೇ ನಡುಕ. ನನ್ನ ಉತ್ಸಾಹವೂ ಅದೇ!

ಶುಕ್ರವಾರ ಮಧ್ಯಾಹ್ನ ನನಗೆ ಸತ್ಯದರ್ಶನವಾಯಿತು. "ಲೇ ಜಗದಾಂಬಾ! ಸಿಕ್ಕಿಬಿತ್ತು ಕಣೇ! ಟೈ ರಾಡ್!"

"ಹಂಗಂದ್ರೆ?"

"ಮುಂದಿನ ಎರಡೂ ಚಕ್ರ ಒಂದೇ ಕಡೆ ನೋಡೋ ಹಂಗೆ ಹಿಡ್ಕೊಂಡಿರೋ ಸರಳು. ಅದನ್ನ ಸ್ವಲ್ಪ ತಿರುಗಿಸಿ ಸರಿ ಮಾಡ್ತೀನಿ."

"ಮದುವೆ ದಿವಸ ಕೊರಳಿಗೆ ಟೈ ಕಟ್ಕಳಕ್ಕೆ ಬರದೆ ನಮ್ಮಣ್ಣನ ಹತ್ರ ಕಟ್ಟಿಸ್ಕಂಡೋರು ನೀವು. ಟೈ ರಾಡ್ ಸರಿ ಮಾಡ್ತೀರಾ?"

ಇಂಥ ಮಾತಿಗೆ ವಿಜ್ಞಾನಿಗಳು ಬೆಲೆ ಕೊಡುವುದಿಲ್ಲ. ಜೀಪಿನ ಕೆಳಗೆ ತೂರಿದೆ, ತಿರುಗಿಸಿದೆ, ಇನ್ನೂ ಸ್ವಲ್ಪ ತಿರುಗಿಸಿದೆ. ಹೊರಬಂದು ಸ್ಟಾರ್ಟ್ ಮಾಡಿ ಅಂಗಳದಿಂದ ಹೊರಟೆ. ಈಗ ಎಡಚಕ್ರಕ್ಕೆ ಸಕಲೇಶಪುರಕ್ಕೆ ಹೋಗುವ ಆಸೆ, ಬಲಚಕ್ರಕ್ಕೆ ಆಲೂರಿಗೆ! ನಾನು ಸ್ಟೇರಿಂಗನ್ನು ಬಲಕ್ಕೆ ಎಳೆದಷ್ಟೂ ಜೀಪು ಏಡಿಯ ಹಾಗೆ ಎಡಕ್ಕೆ ಸರಿಯಿತು. ಎಡಕ್ಕೆ ನಮ್ಮ ಗೊಬ್ಬರದ ಗುಂಡಿ. ಬ್ರೇಕು ತುಳಿಯುವಷ್ಟರಲ್ಲಿ ಮುಂದಿನ ಚಕ್ರಗಳೆರಡೂ ಅದರೊಳಗೆ ಗೃಹಪ್ರವೇಶ ಮಾಡಿಬಿಟ್ಟಿದ್ದವು!

"ಅಯ್ಯೋ ಶಿವನೇ, ಅಳಿಯಂದಿರು ಬಿದ್ಬುಟ್ರು!" ಎಂದು ಅತ್ತೆ ಕೂಗಿಕೊಂಡರು.

"ಹೆದರಬೇಡಿ! ನಾಲ್ಕೂ ಚಕ್ರ ಎಳೆಯೋ ಗಾಡಿ ಇದು! ಇಂಥ ಗುಂಡಿ ಎಷ್ಟು ಕಂಡಿಲ್ಲ!" ಎಂದು ನಾನು ಮುಂದಿನ ಚಕ್ರಗಳಿಗೂ ಎಳೆತ ಕೊಡಿಸುವ ಸಣ್ಣ ಗೇರುಕೋಲನ್ನು ವೀರಾವೇಶದಿಂದ ಎಳೆದು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಗುಂಡಿಯ ಅಂಚಿನಲ್ಲೇ ಸುತ್ತಿ ನನ್ನ ಬೆನ್ನಿಗೆಲ್ಲ ಗೊಬ್ಬರ ಎರಚಿದವು. ಮುಂದಿನವು ಅಲ್ಲಾಡಲೇ ಇಲ್ಲ.

ಜಗಲಿಯಿಂದ ಜಗದಾಂಬಳ ದನಿ ಬಂತು. "ರೀ, ಇಲ್ಲಿ ಉದ್ದಕೆ ಒಂದು ಕಬ್ಬಿಣದ ದಿಂಡು ಬಿದ್ದೈತಲ್ಲ, ಅದು ಗಾಡಿಗೆ ಬೇಕಾಗಿರೋದಾ, ಬೇಡವಾಗಿರೋದಾ? ಅಮ್ಮ ಅದರ ಮೇಲೆ ಸೀರೆ ಒಣಹಾಕವ್ರೆ!"

ಬಿಚ್ಚಿಟ್ಟ ಶಾಫ್ಟು! ನನ್ನ ಗಂಡುಗಾಡಿ ಆಗ ಬರೀ ಎತ್ತಿನಗಾಡಿಯಾಗಿತ್ತು, ಎತ್ತೂ ಇಲ್ಲದ್ದು. ಕಾಫಿ ಕೊಯ್ಯುತ್ತಿದ್ದವರನ್ನೆಲ್ಲ ಕರೆಸಿ, ಹಗ್ಗ ಕಟ್ಟಿ, ಐಸಾ ಹಾಕಿಸಿ ಮೇಲೆಳೆಸಿದೆ. ಎಳೆದವರೆಲ್ಲ ಸಂತೋಷವಾಗಿದ್ದರು. ಇಷ್ಟು ಮನರಂಜನೆ ತೋಟದ ಕೆಲಸದಲ್ಲಿ ದಿನಾ ಎಲ್ಲಿ ಸಿಗುತ್ತದೆ!

ಕೊನೆಗೆ ಪ್ರತಿಜ್ಞೆ ಮುರಿದು ಬಾಳ್ಳುಪೇಟೆಯ ಮೆಕ್ಯಾನಿಕ್ ಗುಂಡಯ್ಯನಿಗೆ ಫೋನ್ ಮಾಡಿದೆ. ಶನಿವಾರ ಅವನು ಮೂಗಿಗೆ ಟವೆಲು ಕಟ್ಟಿಕೊಂಡು ಜೀಪಿನ ಕೆಳಗೆ ಮಲಗಿದ. ಶಾಫ್ಟು ಕೂರಿಸಿದ, ಟೈ ರಾಡನ್ನು ಮೊದಲಿನ ಅಳತೆಗೆ ತಂದ. ಇಬ್ಬರೂ ಹೆದ್ದಾರಿಗೆ ಹೋಗಿ ನೋಡಿದೆವು. ನಲವತ್ತು. ಗಡಗಡ!

"ಬೇರಿಂಗ್ ಇರ್ಬೋದು ಸಾವ್ಕಾರ್ರೇ" ಅಂದ ಗುಂಡಯ್ಯ. "ಇಲ್ಲ ಕಿಂಗ್ ಪಿನ್ ಇರ್ಬೋದು. ಅದೂ ಅಲ್ದಿದ್ರೆ ಗಾಡಿ ಹಣೆಬರಹ ಇರ್ಬೋದು. ಸೋಮವಾರ ಹಾಸನದಿಂದ ಸಾಮಾನು ತರಿಸಿ ನೋಡಾಣ ಬಿಡಿ."

ಸೋಮವಾರವಂತೆ! ನಾಮಕರಣ ಭಾನುವಾರ! ಅವನು ಹೋದಮೇಲೆ ಕಡೆಯ ಅಸ್ತ್ರವೆಂದು ಗ್ರೀಸ್ ಡಬ್ಬಿ ತಂದು, ಸಿಕ್ಕಸಿಕ್ಕ ಕೀಲಿಗೆಲ್ಲ ಗ್ರೀಸು ತುಂಬಿದೆ. ಕೆಲವು ಕೀಲೇ ಅಲ್ಲದಿರಬಹುದು. ಅವಕ್ಕೂ ತುಂಬಿದೆ.

ಭಾನುವಾರ ಬೆಳಿಗ್ಗೆ ನನ್ನ ಗರ್ವ ಇಳಿದಿತ್ತು. "ಬಾಳ್ಳುಪೇಟೆ ಬಸ್ ಸ್ಟಾಂಡಿನವರೆಗಾದರೂ ಜೀಪಲ್ಲಿ ಬನ್ನಿ" ಎಂದು ಕೇಳಿಕೊಂಡೆ.

"ಈ ನಾತದಲ್ಲಾ? ರೇಷ್ಮೆ ಸೀರೆ ಉಟ್ಕಂಡಾ?" ಎಂದು ಜಗದಾಂಬ ಸೆರಗು ಸಿಕ್ಕಿಸಿದಳು. ನಾನು ಸ್ನಾನಕ್ಕೆ ಹೋದಾಗ ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪ್ ಸ್ಟಾರ್ಟ್ ಮಾಡಿಸಿ, ಪೈಪನ್ನು ತಾನೇ ಹಿಡಿದು, ಜೀಪಿಗೆ ಮೇಲೆ ಕೆಳಗೆ ಒಳಗೆ ಹೊರಗೆ ನೀರು ಹೊಡೆದಳು. ನಾನು ಬರುವಷ್ಟರಲ್ಲಿ ಜೀಪು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

ತೊಟ್ಟಿಲು, ಜಗದಾಂಬ ಹಿಂದೆ, ಅತ್ತೆ ಮುಂದೆ. ಹೆದ್ದಾರಿ ಸೇರಿದೆವು. ಮೂವತ್ತು. ಅತ್ತೆ ಮುನ್ನೆಚ್ಚರಿಕೆಯಾಗಿ ಹಲ್ಲು ಕಳಚಿ ಕರ್ಚೀಫಿನಲ್ಲಿ ಸುತ್ತಿಕೊಂಡರು. ನಲವತ್ತು. ನಾನು ಉಸಿರು ಬಿಗಿಹಿಡಿದೆ. ಐವತ್ತು! ಸ್ಟೇರಿಂಗು ಅಲ್ಲಾಡಲಿಲ್ಲ! ಹಾಸಿದ ಜಮಖಾನೆಯ ಮೇಲೆ ಹೋದಂತೆ ಹೋಗುತ್ತಿತ್ತು ಗಾಡಿ!

ಕಣ್ಣು ಮುಚ್ಚಿ ಕೂತಿದ್ದ ಅತ್ತೆ ಕೇಳಿದರು: "ಅಳಿಯಂದಿರೇ, ಗಾಡಿ ನಿಂತ್ಹೋಯ್ತಾ?"

ಬಸ್ ಸ್ಟಾಂಡಿನ ಮುಂದೆ ನಿಲ್ಲಿಸಲೇ ಇಲ್ಲ. ಹಾರನ್ ಹೊಡೆಯುತ್ತಾ ಮುಂದೆ ಸಾಗಿದೆ. ಜಗದಾಂಬಳೂ ಬೇಡವೆನ್ನಲಿಲ್ಲ. ಮಗ್ಗೆಗೆ ನಮ್ಮದು ರಾಜಮರ್ಯಾದೆಯ ಪ್ರವೇಶ! ತೊಟ್ಟಿಲು ಇಳಿಸಿದರು, ಮಗುವಿಗೆ ಹೆಸರಿಟ್ಟರು, ಹೋಳಿಗೆ ಬಡಿಸಿದರು. ಎರಡನೇ ಹೋಳಿಗೆಯ ಹೊತ್ತಿಗೆ ನಾನು ಪಂಕ್ತಿಗೆಲ್ಲ ಕೇಳುವಂತೆ ಉಪನ್ಯಾಸ ಆರಂಭಿಸಿದ್ದೆ. "ಗುಂಡಯ್ಯನ ಕೈಲೂ ಆಗಲಿಲ್ಲ, ನೋಡಿ! ಎಲ್ಲಾ ಇರೋದು ಗ್ರೀಸಿನಲ್ಲಿ! ಯಾವ ಕೀಲಿಗೆ ಎಷ್ಟು ಅನ್ನೋದು ಅನುಭವದಿಂದ ಬರಬೇಕು..."

ತುಪ್ಪ ಬಡಿಸುತ್ತಾ ಬಂದ ಜಗದಾಂಬ ನಿಂತಳು. "ಗ್ರೀಸೂ ಅಲ್ಲ, ಏನೂ ಅಲ್ಲ ಕಣ್ರೀ. ನಾಲ್ಕೂ ಚಕ್ರದ ಒಳಮಗ್ಗುಲಲ್ಲಿ ಮುದ್ದೆ ಮುದ್ದೆ ಕೆಸರು ಮೆತ್ಕಂಡು ಒಣಗೋಗಿತ್ತು, ಒಂದೊಂದು ಕಡೆ ಒಂದೊಂದು ಗಾತ್ರ. ರಾಟೆಗೆ ಒಂದೇ ಕಡೆ ಕಲ್ಲು ಕಟ್ಟಿದ್ರೆ ಅದು ಕುಣಿಯಲ್ವಾ? ನೀರು ಹೊಡೆದೆ, ಬಿದ್ದೋಯ್ತು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆ ನಗುವ ಸಲುವಾಗಿಯೇ ಹಲ್ಲು ಹಾಕಿಕೊಂಡರು. ನಾನು ಎಲೆಯ ಮೇಲಿನ ಹೋಳಿಗೆಯನ್ನು ಬಹಳ ಗಮನವಿಟ್ಟು ನೋಡಿದೆ. ತುಪ್ಪ ಮಾತ್ರ ನನಗೇ ಜಾಸ್ತಿ ಬಿದ್ದಿತ್ತು. ಕೋಪ ಮಾಡಿಕೊಳ್ಳಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ತೋಟದ ಲಕ್ಕಪ್ಪ ತನ್ನ ಜೀಪನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದ. "ಮುಂದ್ಗಡೆ ಬೋ ನಡುಗ್ತೈತೆ ಮಾರಾಯ್ರೇ, ಒಸಿ ತೋರಿಸ್ಕಂಡು ಹೋಗಾಣ ಅಂತ ಬಂದೆ."

ಆಹಾ! ನನ್ನ ಕೀರ್ತಿ ಪೂರ್ತಿ ಸತ್ತಿರಲಿಲ್ಲ! ಪಂಚೆ ಎತ್ತಿ ಕಟ್ಟಿ, ಸ್ಪಾನರ್ ಕೈಗೆತ್ತಿಕೊಂಡು, ಜೀಪಿನ ಕೆಳಗೆ ತೂರಲು ಬಗ್ಗಿದೆ.

ಲಕ್ಕಪ್ಪ ಗಾಬರಿಯಾಗಿ ನನ್ನ ತೋಳು ಹಿಡಿದುಕೊಂಡ.

"ನೀವು ಮುಟ್ಬೇಡಿ ಮಾರಾಯ್ರೇ, ನಿಮ್ಮ ದಮ್ಮಯ್ಯ! ಅಮ್ಮಾರನ್ನ ಒಸಿ ಕರೀರಿ."